ತಡವಾಗಿ ಬಲಕ್ಕೆ ಬಿದ್ದ ಎಸಳಿನ ಕುರಿತು

ಇಂದ:
ಸಣ್ಣವ್ವ, ತಮ್ಮ ಗುಡಿಯ ಕಸ ಗುಡಿಸುವಾಕೆ,
ಕೆಳಗಿನ ಓಣಿ, ರೋಣ ತಾಲೂಕು.
(ಬರೆದುಕೊಟ್ಟವಳು: ಮಗಳು ಅನಿತಾ)

ಗೆ:
ಶ್ರೀ ದ್ಯಾಮವ್ವ ದೇವಿಯವರು,
ಹಾಲಿ ಚುನಾವಣಾಧಿಕಾರಿಗಳು, ಗರ್ಭಗುಡಿ.

ವಿಷಯ: ಸಭೆ ಮುಗಿದ ಮೇಲೆ ಬಿದ್ದ ಎಸಳನ್ನು ಲೆಕ್ಕಕ್ಕೆ ಹಿಡಿಯುವ ಬಗ್ಗೆ.

ಉಲ್ಲೇಖ: ಹಿರಿಯರಾದ ಪ್ರಭುಲಿಂಗಪ್ಪನವರ ಬಾಯಿಮಾತಿನ ಆದೇಶ: "ಎಲೆಕ್ಷನ್ ಅಂದ್ರ ಬರೇ ಜಗಳ. ತಾಯಿಗೆ ಹೂ ಕೇಳೂಣು."

ಮಾನ್ಯ ತಾಯಿಯವರೇ,

೧. ಪಂಚಾಯಿತಿಯ ನಮ್ಮ ಸ್ಥಾನ ಈ ಸಲ ಮಹಿಳೆಗೆ ಮೀಸಲು. ಮತ ಹಾಕುವ ತೊಂದರೆಯನ್ನು ಊರಿಗೆ ಕೊಡಬಾರದೆಂದು, ಹೆಸರಿಗೊಂದರಂತೆ ಸೇವಂತಿಗೆ ಎಸಳನ್ನು ತಮ್ಮ ಹಣೆಗೆ ಹಚ್ಚಲಾಯಿತು. ಬಲಕ್ಕೆ ಬಿದ್ದರೆ ಸದಸ್ಯೆ, ಎಡಕ್ಕೆ ಬಿದ್ದರೆ ಮನೆ.

೨. ಪ್ರಭುಲಿಂಗಪ್ಪನವರ ಪತ್ನಿ ಚನ್ನವ್ವನವರ ಎಸಳನ್ನು ನೀರಿನಲ್ಲಿ ಅದ್ದಲಾಗಿತ್ತು. ನನ್ನದನ್ನು, ವಿಶೇಷ ಗೌರವದಿಂದ, ಜೇನುತುಪ್ಪದಲ್ಲಿ ಅದ್ದಲಾಗಿತ್ತು. ಆ ಕಾರಣದಿಂದ ಅವರದು ಕೂಡಲೇ ಬಲಕ್ಕೆ ಬಿತ್ತು, ನನ್ನದು ಅಂಟಿಕೊಂಡೇ ಕೂತಿತು. "ತಾಯಿ ಒಲ್ಲೆ ಅಂದ್ಲು. ಏಳ್ರಿ, ಊಟಕ್ಕ ಹೋಗೂಣು" ಎಂದರು ಹಿರಿಯರು.

೩. ಮರುದಿನ ಕಸ ಗುಡಿಸಲು ಬಂದಾಗ ಜೇನು ತಿಂದು ಮುಗಿಸಿದ ಇರುವೆಗಳ ನಡುವೆ ನನ್ನ ಎಸಳು ತಮ್ಮ ಬಲಕ್ಕೇ ಬಿದ್ದಿತ್ತು. ಸದರಿ ಇರುವೆಗಳನ್ನು ನಾನು ಕರೆಸಿರಲಿಲ್ಲವೆಂದು ಪ್ರಮಾಣ ಮಾಡುತ್ತೇನೆ. ಹಿರಿಯರಿಗೆ ತೋರಿಸಿದೆ. "ಸಭಾ ಮುಗದ ಮ್ಯಾಲ ಬಿದ್ದ ಹೂ ನಡಿಯಂಗಿಲ್ಲವ್ವಾ, ಕಸದಾಗ ಹಾಕು. ನಾಮಪತ್ರ ಗಿಮಪತ್ರ ಅಂದಿ ಅಂದ್ರ ನಾಳಿಂದ ಕಸಬರಿಗಿ ಬ್ಯಾರೇದವ್ರ ಕೈಗೆ" ಎಂದರು.

೪. ನಮ್ಮ ಓಣಿಯ ನಳದಲ್ಲಿ ಮೂರು ತಿಂಗಳಿಂದ ಬರೀ ಗಾಳಿ ಬರುತ್ತಿದೆ. ಮೇಲಿನ ಓಣಿಯಲ್ಲಿ ಎಮ್ಮೆಗೂ ಸ್ನಾನವಾಗುತ್ತದೆ. ಕೊಡ ಹೊತ್ತು ನನ್ನ ಸೊಂಟ ಹೋಗಿದೆ ತಾಯಿ. ಸದಸ್ಯೆಯಾಗುವ ಆಸೆ ಇಷ್ಟಕ್ಕೇ.

೫. ನೀರು ಬೇಡಲು ಹೋದಾಗ ಚನ್ನವ್ವನವರನ್ನು ಅಭಿನಂದಿಸಿದೆ. ಅವರೆಂದರು: "ನನ್ನ ಯಾರ ಕೇಳ್ಯಾರ, ಸಣ್ಣವ್ವಾ? ಹೂವಿಗೆ ಕೇಳ್ಯಾರ. ಆರಿಸಿ ಬಂದ್ರೂ ನಾ ರೊಟ್ಟಿ ಬಡಿಯಾಕಿನ, ಸಹಿ ಮಾಡಾವ್ರು ಅವ್ರು."

೬. ನಾಮಪತ್ರಕ್ಕೆ ನಾಳೆ ಮಧ್ಯಾಹ್ನ ಮೂರರವರೆಗೆ ಅವಕಾಶವಿದೆ. ಇನ್ನೊಂದು ನಾಮಪತ್ರ ಬಂದರೆ ಊರಿನಲ್ಲಿ ಮತದಾನವೇ ನಡೆದುಬಿಡುವ ಭಯಂಕರ ಅಪಾಯವಿದೆಯೆಂದು ಬಲ್ಲೆ.

ಆದ್ದರಿಂದ, ತಾವು ಸುಮ್ಮನಿದ್ದರೆ ಅದರ ಅರ್ಥವನ್ನು ಮನುಷ್ಯರೇ ಹೇಳಬಹುದೆಂದು ಹಿರಿಯರು ಹಾಕಿಕೊಟ್ಟ ಪದ್ಧತಿಯಂತೆ, ನಾಳೆ ಬೆಳಿಗ್ಗೆ ಒಂಬತ್ತರವರೆಗೆ ತಮ್ಮಿಂದ ಉತ್ತರ ಬಾರದಿದ್ದಲ್ಲಿ ಒಪ್ಪಿಗೆಯೆಂದು ತಿಳಿದು, ನಾಮಪತ್ರ ಕೊಡಲು, ಪಕ್ಕದೂರಿನ ಪಂಚಾಯಿತಿ ಕಚೇರಿಯ ಮುಂದೆ ನಿಲ್ಲುವ ಗಜೇಂದ್ರಗಡದ ಬಸ್ಸು ಹತ್ತುತ್ತೇನೆ. ಅಂಗಳ ಗುಡಿಸಿಯೇ ಹೋಗುತ್ತೇನೆ.

ನಾಳೆಯವರೆಗಾದರೂ ತಮ್ಮ ಕಸಬರಿಗೆಯ ವಿಶ್ವಾಸಿ,
ಸಣ್ಣವ್ವ (ಸಹಿ ಸ್ವಂತದ್ದು)

ಲಗತ್ತುಗಳು:
ಒಣಗಿದ ಎಸಳು, ಒಂದು.
ಗಂಡನ ಒಪ್ಪಿಗೆ: ಲಗತ್ತಿಸಿಲ್ಲ, ಕೇಳಿಲ್ಲ.
ಭರ್ತಿ ಮಾಡಿದ ನಾಮಪತ್ರ (ಬೆಳಿಗ್ಗೆ ವಾಪಸು ಒಯ್ಯುತ್ತೇನೆ). ಸೂಚಕರ ಸಹಿ: ಚನ್ನವ್ವ, ಗಂಡ ಪ್ರಭುಲಿಂಗಪ್ಪ.

ವಿ.ಸೂ.: ಸೂಚಕರು ಯಾರೆಂದು ಹಿರಿಯರು ಹೂ ಕೇಳಲು ಬಂದಲ್ಲಿ, ನಾಳೆ ಮೂರು ಗಂಟೆಯವರೆಗೆ ಯಾವ ಕಡೆಗೂ ಎಸಳು ಬೀಳಿಸಬಾರದಾಗಿ ವಿನಂತಿ.