ಮೂರು ರಸೀದಿ, ಒಂದ ಮನಿ

ಅಣ್ಣಾರ, ನೀವು ನಂಬಂಗಿಲ್ಲ! ಈಗ, ಐದು ನಿಮಿಷದ ಹಿಂದ ಆಗಿದ್ದು! ನಮ್ಮ ಸಾಫ್ಟ್‌ವೇರ್ ಆಫೀಸಿನಾಗ ವರ್ಷಾ ವರ್ಷಾ ಇನ್ಕಮ್ ಟ್ಯಾಕ್ಸಿನ ಮಿತಿ ಬದಲಾದಾಗೆಲ್ಲ ಇಂಥಾದ್ದು ಒಂದಿಲ್ಲೊಂದು ಇದ್ದದ್ದ. ಇವತ್ತು ಸಂಜಿ ಐದರೊಳಗ ಉಳಿತಾಯದ್ದು, ಬಾಡಗಿದು ಎಲ್ಲಾ ಪ್ರೂಫ್ ಕೊಡಲಿಲ್ಲ ಅಂದ್ರ ಈ ತಿಂಗಳ ಪಗಾರ ಟ್ಯಾಕ್ಸಿಗೇ ಹೋಕ್ಕೈತಿ. ಅದರಾಗ ಊರಾಗ ಅವ್ವಗ ಫ್ರಿಜ್ ಕೊಡಸ್ತೀನಿ ಅಂತ ಮಾತು ಕೊಟ್ಟೀನ್ರಿ. ಮೊದಲಿಂದ ಹೇಳ್ತೀನಿ, ತಡೀರಿ.

೧. ಬಜೆಟ್ ಬಿಸ್ಕೀಟ್

ಬಜೆಟ್ ದಿನ ಕ್ಯಾಂಟೀನ್ ಟಿವಿ ಮುಂದ ನಿಂತಿದ್ವಿ. ಉಳಿತಾಯದ ವಿನಾಯಿತಿ ಮಿತಿ ಏರ್ತು ಅಂದಿದ್ದ ತಡ, ನನ್ನ ರೂಮಿನ ಮೈಸೂರು ಹುಡುಗ ಓಡಿಹೋಗಿ ಉಸ್ಮಾನಿಯಾ ಬಿಸ್ಕೀಟ್ ತಂದು ಎಲ್ಲಾರಿಗೂ ಹಂಚಿದ.

"ಲೇ, ಮಿತಿ ಏರಿದ್ರ ಅಷ್ಟು ರೊಕ್ಕ ನೀ ಉಳಿಸಬೇಕಲ್ಲೋ?" ಅಂದೆ.

ಅವ ಡಬ್ಬಿ ಹಿಡಕೊಂಡು ಮತ್ತ ಸುತ್ತು ಹೊಂಟ: "ಸಾರ್, ಕಚ್ಚಿಲ್ದೇ ಇರೋ ಬಿಸ್ಕತ್ತು ವಾಪಸ್ ಕೊಡಿ!"

೨. ಏಜೆಂಟರು

ಮಿತಿ ತುಂಬಸಾಕ ವಿಮಾ ಏಜೆಂಟರನ್ನ ಕರದೆ.

"ನೀವು ಸತ್ರ ನಿಮ್ಮವ್ವಗ ಇಷ್ಟು ಬರತೈತ್ರಿ."

"ಬದುಕಿದ್ರ?"

"ಬದುಕಿದ್ರ ನಾ ಬರ್ತೀನ್ರಿ, ವರ್ಷಾ ವರ್ಷಾ."

೩. ಮಾಲಕರು

ಉಳಿದದ್ದು ಬಾಡಗಿ ರಸೀದಿ. ಸಿಕಂದರಾಬಾದಿನ ಒಂದ ಮನ್ಯಾಗ ನಾವು ಒಂದ ಆಫೀಸಿನ ಮೂರು ಮಂದಿ, ಬಾಡಗಿ ಹಂಚಿಕೊಂಡು ಕೊಡೋರು. ಮಾಲಕರು ರಿಟೈರ್ ಆದ ಅಜ್ಜಾರು. "ರಸೀದಿ ಕೊಟ್ರ ನನ್ನ ಆದಾಯ ಮಿತಿ ದಾಟತೈತಿ" ಅಂತ ಯಾವಾಗ ಕೇಳಿದ್ರೂ ಪೆನ್ನ ಮುಟ್ಟತಿರಲಿಲ್ಲ. ಈ ಸಲ ವಯಸ್ಸಾದವರ ಮಿತಿನೂ ಏರ್ತು ನೋಡ್ರಿ, ಖುಷಿಲೆ ತಾವ ಒಬ್ಬೊಬ್ಬರನ್ನ ಕರದು, ಚಸ್ಮಾ ಸುದ್ದಾ ಹಾಕ್ಕೊಳ್ಳದ ಸಹಿ ಮಾಡಿದ್ರು. ನಾವು ಮೂರೂ ಮಂದಿ ಒಬ್ಬರಿಗೊಬ್ಬರು ಹೇಳದ ಹೋಗಿದ್ವಿ. ಮೂರೂ ಮಂದಿ ಪೂರಾ ಬಾಡಗಿ ಬರಕೊಂಡಿದ್ವಿ!

ಈಗ ಪಗಾರ ಮಾಡೋ ಮೇಡಂ ಮೂರೂ ರಸೀದಿ ಮೇಜಿನ ಮ್ಯಾಲ ಹರಡಿ, ನಮ್ಮನ್ನ ಸಾಲಾಗಿ ನಿಲ್ಲಿಸಿ, ಅಜ್ಜಾರಿಗೆ ಸ್ಪೀಕರ್ ಮ್ಯಾಲ ಫೋನ್ ಹಚ್ಚಿದ್ರು. "ಮೂರು ಹುಡುಗರಿಂದ ಮೂರು ಪೂರಾ ಬಾಡಗಿ ತಗೋತೀರೇನ್ರಿ?"

ಮೂರು ಪಟ್ಟು ಅಂದ್ರ ಅಜ್ಜಾರ ಆದಾಯ ಮಿತಿ ಮತ್ತ ದಾಟ್ತಲ್ಲ! ಅಜ್ಜಾರು ಅಂದ್ರು: "ಕೌನ್ ಛೋಕ್ರೇ? ಮೇರೆಕು ನೈ ಮಾಲೂಂ. ಮೇರಾ ಘರ್ ಖಾಲಿ ಹೈ!"

ಯಾವ ಹುಡುಗರೂ ಗೊತ್ತಿಲ್ಲಂತ, ಮನಿ ಖಾಲಿ ಐತಂತ! ನನ್ನ ಚಡ್ಡಿ ಬನಿಯನ್ ಅವರ ಅಂಗಳದಾಗ ಒಣಗಾಕತ್ತಾವ್ರಿ!

ಐದಾಗಾಕ ಇನ್ನ ಹತ್ತು ನಿಮಿಷ ಐತಿ. ಅಲ್ಲೇ ಇರ್ತೀನಿ ಅಂತ ಸಾಧಿಸಿದ್ರ ಅಜ್ಜಾರು ಮನಿ ಬಿಡಸ್ತಾರ, ಸುಮ್ನಿದ್ರ ಅವ್ವನ ಫ್ರಿಜ್ ಹೋಕ್ಕೈತಿ. ಹೇಳ್ರಿ ಅಣ್ಣಾರ, ನೀವಾಗಿದ್ರ ಏನ್ ಮಾಡ್ತಿದ್ರಿ?