ಹೆದರಿಕೆಗೆ ಹತ್ತು ಕಿಲೊ

ಪುಕ್ಕಲರ ಬದುಕಿನಲ್ಲಿ ಪ್ರಸಂಗಗಳು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ. ಧೈರ್ಯವಂತರಿಗೆ, ಪಾಪ, ಹೇಳಿಕೊಳ್ಳಲು ಏನೂ ಇರುವುದಿಲ್ಲ. ನಾನು ಹುಟ್ಟು ಪುಕ್ಕಲ. ನಾಯಿಗೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ, ಎಲ್ಲಕ್ಕಿಂತ ಹೆಚ್ಚಾಗಿ ವಿಮಾನಕ್ಕೆ ಹೆದರುತ್ತೇನೆ. ಕಂಪ್ಯೂಟರ್ ಎಂಜಿನಿಯರುಗಳಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಮೊದಲ ಸಲ ಅಲ್ಲಿಗೆ ಹೊರಟಾಗ ಮುಂಬಯಿಯಿಂದ ಫ್ರಾಂಕ್‌ಫರ್ಟ್‌ವರೆಗೆ ಹೆಂಡತಿಯ ಕೈ ಹಿಡಿದುಕೊಂಡೇ ಬಂದೆ. ಇಳಿಯುವಷ್ಟರಲ್ಲಿ ಅವಳ ನಾಲ್ಕು ಬಳೆ ಒಡೆದಿದ್ದವು. ಅಂಥವನಿಗೆ ದೇವರು ಎಂಥ ಕೆಲಸ ಕೊಟ್ಟ ನೋಡಿ.

೧. ಸಂದರ್ಶನ

ನನ್ನನ್ನು ಕರೆಸಿಕೊಂಡಿದ್ದ ಸಾಫ್ಟ್‌ವೇರ್ ಕಂಪನಿ ಎಂಟೇ ತಿಂಗಳಲ್ಲಿ ಬಾಗಿಲು ಹಾಕಿತು. ಗ್ರೀನ್ ಕಾರ್ಡ್ ಅಂದರೆ ಕೆಲಸ ಇರುವವರೆಗೆ ಮಾತ್ರ ಕಾರ್ಡು. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಸಿಕ್ಕಸಿಕ್ಕಲ್ಲಿಗೆ ಅರ್ಜಿ ಹಾಕಿದೆ. ಉತ್ತರ ಬಂದದ್ದು ಒಂದೇ ಕಡೆಯಿಂದ. ಅದೊಂದು ಪುಟ್ಟ ಕ್ರೈಸ್ತ ಮಿಷನ್. ದೂರದ ಯಾವುದೋ ದ್ವೀಪದ ದಟ್ಟ ಕಾಡಿನಲ್ಲಿ, ರಸ್ತೆಯೇ ಇಲ್ಲದ ಹಳ್ಳಿಗಳಿಗೆ ಪುಟ್ಟ ವಿಮಾನಗಳಲ್ಲಿ ಔಷಧಿ, ಮೇಷ್ಟ್ರು, ಪಾದ್ರಿ ಎಲ್ಲವನ್ನೂ ಸಾಗಿಸುವವರು. ಜರ್ಮನಿಯ ಒಂದು ಹಳ್ಳಿಯಲ್ಲಿ, ಹುಲ್ಲು ಬೆಳೆದ ಸಣ್ಣ ವಿಮಾನ ನಿಲ್ದಾಣದ ಪಕ್ಕದಲ್ಲಿ ಅವರ ಆಫೀಸು. ವಿಮಾನಕ್ಕೆ ಎಷ್ಟು ಭಾರ ಹೇರಬಹುದೆಂದು ಲೆಕ್ಕ ಹಾಕುವ ಪ್ರೋಗ್ರಾಮ್ ಅವರಿಗೆ ಬೇಕಾಗಿತ್ತು.

ಸಂದರ್ಶನ ಮಾಡಿದವರು ಮೂವತ್ತು ವರ್ಷ ಆ ಕಾಡಿನಲ್ಲಿ ವಿಮಾನ ಹಾರಿಸಿ, ಪ್ರವಚನವನ್ನೂ ಮಾಡಿ, ಈಗ ಆಫೀಸಿನ ಮುಖ್ಯಸ್ಥರಾಗಿದ್ದ ಹಿರಿಯರು. ಮನೆಯಲ್ಲಿ ನಾವು ಅವರನ್ನು ಪೈಲಟ್ ಪಾದ್ರಿ ಎನ್ನುತ್ತಿದ್ದೆವು. ಅವರು ಕೇಳಿದ್ದು ಎರಡೇ ಪ್ರಶ್ನೆ. ಪ್ರೋಗ್ರಾಮ್ ಬರೆಯುತ್ತೀಯಾ? ಬರೆಯುತ್ತೇನೆ. ಪುಟ್ಟ ವಿಮಾನವೆಂದರೆ ಭಯವೇನಾದರೂ ಇದೆಯಾ?

"ಛೆ ಛೆ, ನನಗೆ ವಿಮಾನ ಅಂದರೆ ಪ್ರಾಣ," ಅಂದೆ.

ಆರು ತಿಂಗಳ ಪ್ರೋಬೆಝೈಟ್, ಅಂದರೆ ಪರೀಕ್ಷೆಯ ಅವಧಿ. ಅದು ಮುಗಿದ ಮೇಲೆ ಅವರು ಸಹಿ ಹಾಕಿದರೆ ಕೆಲಸ ಖಾಯಂ ಎಂದಾಯಿತು. ಮನೆಗೆ ಬಂದು, ಹಸೀ ಸುಳ್ಳು ಹೇಳಿಬಿಟ್ಟೆ, ಗೊತ್ತಾದರೆ ಗತಿಯೇನು ಎಂದು ಹೆಂಡತಿಯ ಮುಂದೆ ಗೋಳಾಡಿದೆ.

"ಹೋಗ್ಲಿ ಬಿಡ್ರಿ, ನೀವೇನ್ ಇಮಾನ ಹಾರಸಬೇಕೇನು? ಕಂಪ್ಯೂಟರ್ ಮುಂದ ಕುಂದ್ರೂದು, ಟೈಪ್ ಮಾಡೂದು. ಕುರ್ಚಿಗೆ ಅಂಜೂದಿಲ್ಲಲ್ಲಾ?" ಅಂದಳು.

ಮರುದಿನ ಆಫೀಸಿನಲ್ಲಿ ನನಗೆ ಕೊಟ್ಟ ಕುರ್ಚಿ ಹಳೇ ವಿಮಾನದಿಂದ ಬಿಚ್ಚಿ ತಂದದ್ದಾಗಿತ್ತು. ಬೆಲ್ಟೂ ಇತ್ತು. ಆರು ತಿಂಗಳೂ ನಾನದನ್ನು ಕಟ್ಟಿಕೊಂಡೇ ಕೆಲಸ ಮಾಡಿದೆ.

೨. ದೀಪದ ಗುಂಡಿ

ಮಿಷನ್ನಿನವರು ಆಗಾಗ ಸುತ್ತಮುತ್ತಲಿನ ಚರ್ಚುಗಳಲ್ಲಿ ಕಾಡಿನ ಚಿತ್ರಗಳನ್ನು ತೋರಿಸುತ್ತಿದ್ದರು. ಒಂದು ಸಂಜೆ ಲ್ಯಾಪ್‌ಟಾಪು, ಪ್ರೊಜೆಕ್ಟರು ನೋಡಿಕೊಳ್ಳಲು ನನ್ನನ್ನೂ ಕರೆದುಕೊಂಡು ಹೋದರು. "ಇವರೆಲ್ಲ ನಮಗೆ ಸಹಾಯ ಮಾಡುವ ಜನ. ಯಾರ ಮನಸ್ಸನ್ನೂ ನೋಯಿಸಬೇಡ," ಎಂದು ಪೈಲಟ್ ಪಾದ್ರಿಗಳು ಕಾರಿನಲ್ಲೇ ಎಚ್ಚರಿಸಿದ್ದರು. ನಾನು ಆಗಲೇ ಬೆವರತೊಡಗಿದ್ದೆ.

ಚಿತ್ರಗಳು ಮುಗಿದವು. ಕೇಕ್ ಹಂಚಿದರು. ಸುಮಾರು ಎಂಬತ್ತರ ಒಬ್ಬ ಅಜ್ಜಿ ನನ್ನನ್ನು ನೋಡುತ್ತಾ ನೋಡುತ್ತಾ ಬಂದು, ಪೈಲಟ್ ಪಾದ್ರಿಗಳನ್ನು, "ಇವನೂ ವಿಮಾನದಲ್ಲೇ ಬಂದನೇ?" ಎಂದು ಕೇಳಿದಳು.

"ಹೌದು, ಹೋದ ವರ್ಷ," ಎಂದು ಅವರು ಇನ್ನೊಬ್ಬರ ಕಡೆ ತಿರುಗಿಬಿಟ್ಟರು.

ಅಜ್ಜಿಯ ಕಣ್ಣಲ್ಲಿ ನೀರು. ನನ್ನ ಎರಡೂ ಕೈ ಹಿಡಿದುಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ, ಜೋರಾಗಿ, "ಇಲ್ಲಿ. ಚಳಿ. ಅಲ್ಲವಾ?" ಅಂದಳು. ನಾನು ಹೂಂ ಎಂದೆ. ಗೋಡೆಯ ಹತ್ತಿರ ಕರೆದೊಯ್ದು ಗುಂಡಿ ಒತ್ತಿ ಹತ್ತಿಸಿದಳು, ಮತ್ತೆ ಒತ್ತಿ ಆರಿಸಿದಳು. "ದೀಪ!" ಎಂದಳು. ನಾನು ಆ ಕಾಡಿನವನಲ್ಲ, ಹುಬ್ಬಳ್ಳಿಯವನು, ಕಂಪ್ಯೂಟರ್ ಎಂಜಿನಿಯರ್, ನಮ್ಮಲ್ಲೂ ಕರೆಂಟಿದೆ ಎಂದು ಹೇಳಬಹುದಿತ್ತು. ಆದರೆ ಆಕೆಯ ಮನಸ್ಸು ನೊಂದು, ಸಹಾಯ ನಿಂತು, ನನ್ನ ಸಹಿಯೂ ಹೋದರೆ? "ಓಹೋ!" ಎಂದು ಬಾಯಿ ತೆರೆದೆ.

"ಈಗ ನೀನು," ಅಂದಳು.

ಒತ್ತಿದೆ. ದೀಪ ಹತ್ತಿತು. ಇಡೀ ಸಭೆ ಚಪ್ಪಾಳೆ ತಟ್ಟಿತು. ಕೈಯಿಂದಲೇ ಹೆಣೆದ ಒಂಬತ್ತು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟು ಕಳಿಸಿದರು.

ಹೆಂಡತಿ ಕಥೆಯನ್ನೆಲ್ಲ ಕೇಳಿ, ಕಾಲುಚೀಲಗಳನ್ನು ಒಂದೊಂದಾಗಿ ಎಳೆದು ನೋಡಿದಳು. "ಛೊಲೋ ಉಣ್ಣಿ ಅದರಿ. ಮುಂದಿನ ಸಲ ನಾನೂ ಬರ್ತೀನಿ. ನಲ್ಲಿ ತಿರುವಿ ತೋರಿಸಿದ್ರ ಸ್ವೆಟರ್ ಕೊಡ್ತಾರೇನು ನೋಡೂಣು."

೩. ಗಾಯಾಳು

ಕಾಡಿಗೆ ಹೊರಡುವ ಹೊಸ ಪೈಲಟ್‌ಗಳಿಗೆ ಒಂದು ತರಬೇತಿಯಿತ್ತು. ವಿಮಾನ ಬಿದ್ದಿದೆ, ಪ್ರಯಾಣಿಕ ಕಾಡಿನಲ್ಲಿದ್ದಾನೆ, ಹುಡುಕಿ ತನ್ನಿ. ಆ ವರ್ಷದ ಪ್ರಯಾಣಿಕ ನಾನು. ವಿಮಾನ ಹತ್ತುವುದಿಲ್ಲ, ಬಿದ್ದಮೇಲಿನ ಪಾತ್ರ ಮಾತ್ರ ಎಂದು ಸಂತೋಷದಿಂದಲೇ ಒಪ್ಪಿದೆ. ಹಳ್ಳಿಯ ಆಚೆಯ ಕಾಡಿನಲ್ಲಿ ಒಂದು ಮರದ ಕೆಳಗೆ ನನ್ನನ್ನು ಮಲಗಿಸಿ, ಕೊರಳಿಗೊಂದು ಚೀಟಿ ನೇತುಹಾಕಿ ಹೋದರು: "ಎರಡೂ ಕಾಲು ಮುರಿದಿವೆ. ಮಾತು ನಿಂತಿದೆ."

ಅರ್ಧ ಗಂಟೆ ಕಳೆಯಿತು. ಪೊದೆಯಲ್ಲಿ ಗುರ್ ಗುರ್ ಸದ್ದು. ನೋಡಿದರೆ ಕಾಡುಹಂದಿ, ಹಿಂದೆ ಆರು ಮರಿ. ಮರಿಯಿರುವ ಹಂದಿ ಹುಲಿಗಿಂತ ಕೆಟ್ಟದ್ದೆಂದು ಎಲ್ಲೋ ಓದಿದ್ದೆ. ಹತ್ತಿರದಲ್ಲೇ ಬೇಟೆಗಾರರು ಕೂರುವ ಎತ್ತರದ ಮರದ ಅಟ್ಟಣೆಯಿತ್ತು. ಮುಂದೇನಾಯಿತೋ ನೆನಪಿಲ್ಲ. ಎಚ್ಚರ ಬಂದಾಗ ಅಟ್ಟಣೆಯ ಮೇಲಿದ್ದೆ.

ಪೈಲಟ್ ಹುಡುಗರು ಬರುವಷ್ಟರಲ್ಲಿ ಹಂದಿ ಹೋಗಿತ್ತು. "ಇಳಿದು ಬಾ," ಅಂದರು. ನನಗೋ ಸಂದಿಗ್ಧ. ನಿಯಮದ ಪ್ರಕಾರ ಮಾತು ನಿಂತಿದೆ. ನಿಯಮ ಮುರಿದರೆ ಪರೀಕ್ಷೆಯ ಅವಧಿಯಲ್ಲಿ ಕಪ್ಪು ಚುಕ್ಕೆ. ಕೈಸನ್ನೆಯಲ್ಲೇ ಹಂದಿಯ ಕೋರೆ, ಮರಿಗಳ ಸಂಖ್ಯೆ ಎಲ್ಲ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ಒಬ್ಬ ವಾಕಿಟಾಕಿ ಎತ್ತಿ ಪೈಲಟ್ ಪಾದ್ರಿಗಳಿಗೆ ವರದಿ ಒಪ್ಪಿಸಿದ:

"ಗಾಯಾಳು ಸಿಕ್ಕಿದ್ದಾನೆ. ಎರಡೂ ಕಾಲು ಮುರಿದಿವೆ. ಹನ್ನೆರಡು ಮೆಟ್ಟಿಲ ಏಣಿ ಹತ್ತಿ ಕುಳಿತಿದ್ದಾನೆ. ತಲೆಗೂ ಪೆಟ್ಟು ಬಿದ್ದಿರುವ ಲಕ್ಷಣ ಇದೆ."

೪. ಕೋಳಿ

ಪ್ರೋಗ್ರಾಮ್ ಬರೆಯುತ್ತಾ ಬರೆಯುತ್ತಾ ನನಗೆ ಹೊಸ ಭಯ ಹುಟ್ಟಿತು. ನನ್ನ ಲೆಕ್ಕ ಒಂದಿಷ್ಟು ತಪ್ಪಿದರೂ ಆ ಕಾಡಿನಲ್ಲಿ ವಿಮಾನ ಮೇಲೇಳುವುದಿಲ್ಲ. ಐದು ಜನ ಹತ್ತುತ್ತಾರೆ, ಬೆಟ್ಟ ಎದುರಿಗೇ ಇದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅದಕ್ಕೇ ಯಾರಿಗೂ ಹೇಳದೆ ಒಂದು ಸಾಲು ಸೇರಿಸಿದೆ: ವಿಮಾನಕ್ಕೆ ಹತ್ತಿಸುವ ಮುಂಚೆ ಜನ, ಸಾಮಾನು ತೂಗುವ ತಕ್ಕಡಿಯ ಮೇಲೆ ಏನೇ ಇಟ್ಟರೂ ಹತ್ತು ಕಿಲೊ ಹೆಚ್ಚು ತೋರಿಸಬೇಕು. ಭಾರ ಜಾಸ್ತಿಯೆಂದುಕೊಂಡು ಕಡಿಮೆ ಹೇರುತ್ತಾರೆ, ಬದುಕುತ್ತಾರೆ. ತಕ್ಕಡಿಯನ್ನು ನೇರ ಕಂಪ್ಯೂಟರಿಗೇ ಜೋಡಿಸಿದ್ದರಿಂದ ನಿಜವಾದ ಅಂಕಿ ಯಾರಿಗೂ ಕಾಣುತ್ತಿರಲಿಲ್ಲ. ಪ್ರೋಗ್ರಾಮ್ ಕಾಡಿಗೆ ಹೋಯಿತು. ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಐದನೇ ತಿಂಗಳ ಕೊನೆಗೆ ಕಾಡಿನಿಂದ ಒಂದು ಕಾಗದ ಬಂತು. ಬರೆದವರು ಅಲ್ಲಿನ ಆಸ್ಪತ್ರೆಯ ಹಿರಿಯ ನರ್ಸ್. ಪೈಲಟ್ ಪಾದ್ರಿಗಳು ಅದನ್ನು ಎಲ್ಲರ ಮುಂದೆ ಓದತೊಡಗಿದರು. "ಇಪ್ಪತ್ತು ವರ್ಷದಿಂದ ನನ್ನ ತೂಕ ಅರವತ್ತೆರಡು. ಹೊಸ ಕಂಪ್ಯೂಟರ್ ಬಂದ ದಿನ ಎಪ್ಪತ್ತೆರಡಾಯಿತು. ಗೆಣಸು ಬಿಟ್ಟೆ. ಸಕ್ಕರೆ ಬಿಟ್ಟೆ. ಈಗ ಬಟ್ಟೆ ಸಡಿಲವಾಗಿ ಜಾರುತ್ತಿದೆ, ಕಂಪ್ಯೂಟರ್ ಮಾತ್ರ ಅರವತ್ತೇಳು ಅನ್ನುತ್ತಿದೆ."

ನಾನು ಕುರ್ಚಿಯ ಬೆಲ್ಟನ್ನು ಇನ್ನೊಂದಿಷ್ಟು ಬಿಗಿದುಕೊಂಡೆ. ಅವರು ಪುಟ ತಿರುಗಿಸಿ ಮುಂದೆ ಓದಿದರು.

"ಹೋದ ವಾರ ಒಬ್ಬ ಮುದುಕಿಯ ಕೋಳಿ ಹನ್ನೆರಡು ಕಿಲೊ ತೂಗಿತು. ಈಗ ಮೂರು ಹಳ್ಳಿಯ ಜನ ಆ ಕೋಳಿಯನ್ನು ನೋಡಲು ಸಾಲುಗಟ್ಟಿ ಬರುತ್ತಿದ್ದಾರೆ. ಭಾನುವಾರ ಪ್ರಾರ್ಥನೆಗೆ ಯಾರೂ ಇಲ್ಲ."

೫. ಪ್ರಾರ್ಥನೆ

ಹತ್ತು ಕಿಲೊ ಎಲ್ಲಿಂದ ಬಂತೆಂದು ಅವರು ಕೇಳಿದರು. "ಸಣ್ಣ ತಪ್ಪು," ಅಂದೆ. "ತೆಗೆದುಹಾಕು. ಸರಿಯಾದ ಲೆಕ್ಕದಲ್ಲಿ ಒಮ್ಮೆ ಹಾರಿ ನೋಡೋಣ. ಪ್ರಯಾಣಿಕ ನೀನೇ. ಇಳಿದ ಮೇಲೆ ನಿನ್ನ ಕಾಗದಕ್ಕೂ ಸಹಿ ಹಾಕಿಬಿಡುತ್ತೇನೆ," ಅಂದರು.

ಪರೀಕ್ಷೆಯ ಅವಧಿಯ ಕೊನೆಯ ದಿನ. ಹಾರದಿದ್ದರೆ ಸಹಿಯಿಲ್ಲ, ಸಹಿಯಿಲ್ಲದಿದ್ದರೆ ಹುಬ್ಬಳ್ಳಿ. ಹಾರಿದರೆ ಹುಬ್ಬಳ್ಳಿಯೂ ಇಲ್ಲ. ಬೆಳಗ್ಗೆ ಮಂಜು ಕವಿದಿತ್ತು. ಅದು ಹಾಗೇ ಇರಲೆಂದು ಕಿಟಕಿಯಲ್ಲೇ ನಿಂತಿದ್ದೆ. ಹನ್ನೆರಡಕ್ಕೆ ಬಿಸಿಲು ಬಂತು. ನನ್ನನ್ನು ತೂಗಿ, ಪೈಲಟ್‌ನ ಪಕ್ಕದ ಸೀಟಿನಲ್ಲಿ ಕೂರಿಸಿ, ಬಿಗಿಯಾಗಿ ಕಟ್ಟಿದರು. ವಿಮಾನವೋ ನಮ್ಮೂರ ಟಂಟಂ ಆಟೋಗಿಂತ ಸ್ವಲ್ಪ ದೊಡ್ಡದು. ರನ್‌ವೇಯ ಹುಲ್ಲಿನ ಮೇಲೆ ನಿಲ್ಲಿಸಿ, ಪೈಲಟ್ ಪಾದ್ರಿಗಳು ಟೋಪಿ ತೆಗೆದು ಕಣ್ಣು ಮುಚ್ಚಿದರು.

"ಹಾರುವ ಮುಂಚೆ ನಾವು ಪ್ರಾರ್ಥನೆ ಮಾಡುತ್ತೇವೆ."

ಪೈಲಟ್ಟೇ ದೇವರನ್ನು ಕರೆಯುತ್ತಾನೆಂದರೆ ಪರಿಸ್ಥಿತಿ ಇನ್ನೆಂಥದ್ದಿರಬೇಕು! ಅರ್ಧ ನಿಮಿಷದಲ್ಲಿ ಅವರದು ಮುಗಿಯಿತು. "ನೀನೂ ನಿನ್ನ ದೇವರನ್ನು ನೆನೆ. ನಾನು ಕಾಯುತ್ತೇನೆ," ಅಂದರು.

ಆಗ ಗಡಿಯಾರ ಕಣ್ಣಿಗೆ ಬಿತ್ತು. ಹನ್ನೆರಡೂವರೆ. ಜರ್ಮನಿಯಲ್ಲಿ ಮಧ್ಯಾಹ್ನ ಜನ ವಿಶ್ರಾಂತಿ ಪಡೆಯುವ ಹೊತ್ತೊಂದಿದೆ. ಆ ಹಳ್ಳಿಯಲ್ಲಿ ಒಂದರಿಂದ ಮೂರರವರೆಗೆ ಯಾವ ವಿಮಾನವೂ ಸದ್ದು ಮಾಡುವಂತಿಲ್ಲ. ಮಿಟಾಗ್ಸ್‌ರೂಹೆ ಎಂದು ನಿಲ್ದಾಣದ ಬೋರ್ಡಿನ ಮೇಲೇ ಬರೆದಿತ್ತು. ಅರ್ಧ ಗಂಟೆ ತಳ್ಳಿದರೆ ಎರಡು ಗಂಟೆ ಬದುಕುತ್ತೇನೆ. ಎರಡು ಗಂಟೆಯಲ್ಲಿ ಮತ್ತೆ ಮಂಜು ಬರಬಹುದು.

ಕೈಮುಗಿದು ಶುರುಮಾಡಿದೆ. ಗಣಪತಿ, ಹನುಮಪ್ಪ, ಬನಶಂಕರಿ, ಎಲ್ಲಮ್ಮ, ವೀರಭದ್ರ, ಸಿದ್ಧಾರೂಢರು, ನಮ್ಮ ಮನೆದೇವರು, ಹೆಂಡತಿಯ ತವರಿನ ಮನೆದೇವರು. ಎಷ್ಟು ನಿಧಾನ ಹೇಳಿದರೂ ಒಂದಕ್ಕೆ ಹದಿನೈದು ನಿಮಿಷ ಇರುವಾಗಲೇ ದೇವರು ಖಾಲಿಯಾದರು. ಪಕ್ಕದಲ್ಲಿ ಅವರು ತಲೆಬಾಗಿಸಿ ಕೂತೇ ಇದ್ದರು. ನಿಲ್ಲಿಸಿದರೆ ಎಂಜಿನ್ ಶುರುವಾಗುತ್ತದೆ. ಬಾಯಿಗೆ ಬಂದದ್ದು ಹುಬ್ಬಳ್ಳಿ-ಧಾರವಾಡದ ಬಸ್ ಸ್ಟಾಪುಗಳು.

"ಹೊಸೂರಾ... ವಿದ್ಯಾನಗರಾ... ಉಣಕಲ್ಲಾ... ಭೈರಿದೇವರಕೊಪ್ಪಾ... ನವನಗರಾ... ರಾಯಾಪುರಾ... ಸತ್ತೂರಾ..."

ಒಂದೊಂದು ಸ್ಟಾಪಿಗೂ ಅವರು ಮೆಲ್ಲಗೆ "ಆಮೆನ್" ಎನ್ನುತ್ತಿದ್ದರು. ಧಾರವಾಡ ಬಂತು. ಅಲ್ಲಿಂದ ವಾಪಸ್ ಬಸ್ಸು ಹತ್ತಿದೆ. ಎರಡನೇ ಸಲ ವಿದ್ಯಾನಗರಕ್ಕೆ ಬರುವಾಗ ರೇಡಿಯೋದಲ್ಲಿ ನಿಲ್ದಾಣದವನ ಗೊಗ್ಗರು ದನಿ ಕೇಳಿಸಿತು: "ಒಂದು ಗಂಟೆ. ಮಿಟಾಗ್ಸ್‌ರೂಹೆ. ಮೂರರವರೆಗೆ ಯಾರೂ ಹಾರುವಂತಿಲ್ಲ."

ಪೈಲಟ್ ಪಾದ್ರಿಗಳು ಕಣ್ಣು ತೆರೆದರು. ಅವರ ಕಣ್ಣು ಒದ್ದೆಯಾಗಿತ್ತು. "ಮೂವತ್ತು ವರ್ಷ ಕಾಡಿನಲ್ಲಿ ಪ್ರಾರ್ಥನೆ ಹೇಳಿಕೊಟ್ಟೆ. ಇಂಥ ಭಕ್ತಿ ಎಲ್ಲೂ ನೋಡಲಿಲ್ಲ," ಅಂದರು.

ನನಗೆ ತಡೆಯಲಾಗಲಿಲ್ಲ. ನಾಚಿಕೆಯಿಂದ ಸತ್ತೇಹೋದೆ. "ಭಕ್ತಿಯಲ್ಲ ಸರ್, ಭಯ," ಅಂದೆ. ಸಂದರ್ಶನದಲ್ಲಿ ಹೇಳಿದ್ದು ಸುಳ್ಳು, ಹತ್ತು ಕಿಲೊ ಬೇಕೆಂದೇ ಸೇರಿಸಿದ್ದು, ಈಗ ಹೇಳಿದ್ದರಲ್ಲಿ ಕೊನೆಯ ಕಾಲು ಗಂಟೆಯದು ದೇವರುಗಳಲ್ಲ, ಬಸ್ ಸ್ಟಾಪುಗಳು. ಎಲ್ಲ ಒಪ್ಪಿಸಿ, ಸಾಮಾನು ಕಟ್ಟಲು ಮನಸ್ಸಿನಲ್ಲೇ ಶುರುಮಾಡಿದೆ.

ಅವರು ಜೇಬಿನಿಂದ ನನ್ನ ಕಾಗದ ತೆಗೆದು, ತೊಡೆಯ ಮೇಲೇ ಇಟ್ಟು ಸಹಿ ಹಾಕಿದರು. "ಹೆದರಿಕೆಯಿಲ್ಲದವನ ಕೈಗೆ ತೂಕದ ಲೆಕ್ಕ ಕೊಡಬಾರದು. ಇನ್ನು ಮುಂದೆ ಹೆಚ್ಚು ಕಿಲೊ ಸೇರಿಸುವುದಾದರೆ ನನಗೆ ಹೇಳಿ ಸೇರಿಸು. ಮೂರಕ್ಕೆ ಮಾತ್ರ ಹಾರಲೇಬೇಕು." ಆಮೇಲೆ ದನಿ ತಗ್ಗಿಸಿ, "ಆ ಬಸ್ ಸ್ಟಾಪುಗಳನ್ನು ನನಗೂ ಹೇಳಿಕೊಡು," ಅಂದರು.

"ನಿಮಗ್ಯಾಕೆ ಸರ್?"

"ಮೇಲೇಳುವಾಗ ನನಗೂ ಪ್ರತಿ ಸಲ ಎದೆ ಡವಗುಟ್ಟುತ್ತದೆ. ನಿನ್ನ ದೇವರುಗಳ ಹೆಸರಾಗಿದ್ದರೆ ನಾನು ಹೇಳುವಂತಿರಲಿಲ್ಲ, ಕೆಲಸ ಹೋಗುತ್ತದೆ. ಬಸ್ ಸ್ಟಾಪಿಗೆ ಅಡ್ಡಿಯಿಲ್ಲ."

ಮಂಜು ಬರಲಿಲ್ಲ. ಮೂರು ಗಂಟೆಗೆ ಎಂಜಿನ್ ಗರ್ಜಿಸಿತು. ಇಬ್ಬರೂ ಕೂಗುತ್ತಲೇ ಹೊರಟೆವು. ವಿಮಾನ ನೆಲ ಬಿಟ್ಟಾಗ ನಾವು ಉಣಕಲ್‌ನಲ್ಲಿದ್ದೆವು. ನಾನು ಕಣ್ಣು ಬಿಡಲೇ ಇಲ್ಲ. ಹಳ್ಳಿಗೊಂದು ಸುತ್ತು ಹಾಕಿ, ಚಕ್ರ ಹುಲ್ಲಿನ ಮೇಲೆ ಕುಪ್ಪಳಿಸಿ, ಉರುಳಿ, ನಿಂತ ಮೇಲೆ, ಅವರು ಎಂಜಿನ್ ಆರಿಸಿ ಕೇಳಿದರು:

"ಧಾರವಾಡ ಬಂತಾ?"

"ಬಂತು ಸರ್," ಅಂದೆ. ಆಮೇಲೇ ಕಣ್ಣು ಬಿಟ್ಟೆ.