ಸ್ಟೀರಿಂಗ್ ಎದೆಗೆ ಬರಬಾರದು

"ಇದು ನಿಮ್ಮಿಂದ ಆಗುವುದಿಲ್ಲ" ಎಂದು ಯಾರಾದರೂ ಹೇಳಿದರೆ ಕೆಲವರು ಮನೆಗೆ ಹೋಗಿ ಕಾಫಿ ಕುಡಿದು ನೆಮ್ಮದಿಯಾಗಿರುತ್ತಾರೆ. ಅಂಥವರ ಮೇಲೆ ನನಗೆ ಗೌರವವಿದೆ. ನನಗಾದರೋ ಆ ಮಾತು ಕಿವಿಗೆ ಬಿದ್ದ ಕೂಡಲೇ ಕೈ ಸ್ಪ್ಯಾನರ್ ಹುಡುಕುತ್ತದೆ. ಕೊಪ್ಪದಲ್ಲಿ ಹೊಲಿಗೆ ಅಂಗಡಿ ನಡೆಸುವ ನಾನು, ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬಂದ ಕಾರೊಂದನ್ನು ಮನೆಯ ಶೆಡ್ಡಿನಲ್ಲಿ ಜೋಡಿಸಿದ್ದು ಹಾಗೆಯೇ. ಹೊಲಿಗೆ ಯಂತ್ರ ಬಿಚ್ಚಿ ಜೋಡಿಸುವವಳಿಗೆ ಕಾರು ಏನು ಮಹಾ ಎಂಬ ಧೈರ್ಯ. ಎರಡು ಸೀಟಿನ ಪುಟ್ಟ ಕಾರು. ಬಣ್ಣ ಬಳಿದ ಮೇಲೆ ನೋಡಲು ಬಂದವರೆಲ್ಲ ಒಳಗೆ ಕೂತು ಫೋಟೊ ತೆಗೆಸಿಕೊಂಡು ಹೋದರು. ರಸ್ತೆಗೆ ಇಳಿಸಲು ಮಾತ್ರ ಸುರಕ್ಷತಾ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು.

ಪರೀಕ್ಷೆಗೆ ಅದು ಮದುವೆ ಗಂಡಿನ ಗತ್ತಿನಲ್ಲಿ ಲಾರಿ ಹತ್ತಿ ಹೋಯಿತು. ಅಧಿಕಾರಿ ಬಾನೆಟ್ ಎತ್ತಿ, ಸ್ಟೀರಿಂಗ್‌ನಿಂದ ಮುಂದಕ್ಕೆ ನೆಟ್ಟಗೆ ಹೋಗಿದ್ದ ಉಕ್ಕಿನ ಸರಳನ್ನು ನೋಡಿದರು. "ಅಮ್ಮ, ಎದುರಿಂದ ಏನಾದ್ರೂ ಗುದ್ದಿದ್ರೆ ಈ ಸರಳು ಎಲ್ಲಿಗೆ ಬರುತ್ತೆ?" ಎಂದು ಕೇಳಿದರು. ಸರಳಿನ ಜಾಡು ಹಿಡಿದು ಕಣ್ಣೋಡಿಸಿದೆ. ಅದು ನೇರ ಓಡಿಸುವವಳ ಎದೆಗೇ ಬರುತ್ತಿತ್ತು. "ಗುದ್ದಿದಾಗ ಈ ಸರಳು, ಅಂದ್ರೆ ಸ್ಟೀರಿಂಗ್ ಕಾಲಮ್, ಕುಗ್ಗಬೇಕು. ಶೆಡ್ಡಲ್ಲಿ ಆಗೋ ಕೆಲಸ ಅಲ್ಲ ಇದು," ಎಂದು ವಾಪಸು ಕಳಿಸಿದರು. ಆ ಕೊನೆಯ ಮಾತೊಂದನ್ನು ಅವರು ಹೇಳಬಾರದಿತ್ತು.

ಮನೆಗೆ ಬಂದಾಗ ನಮ್ಮ ಯಜಮಾನರು, "ಸಾಕು ಮಾರಾಯ್ತಿ, ಇದ್ರಲ್ಲಿ ಮಣ್ಣು ತುಂಬಿ ದಾಸವಾಳ ನೆಡುವ," ಎಂದರು. ನರಸಿಂಹರಾಜಪುರದಲ್ಲಿ ಮೇಷ್ಟ್ರಾಗಿರುವ ಅವರಿಗೆ ಫೇಲಾದವರನ್ನು ಸಮಾಧಾನ ಮಾಡಿ ಅಭ್ಯಾಸ. ನಾನು ಶೆಡ್ಡಿಗೆ ಹೋಗಿ ಸರಳನ್ನು ಕತ್ತರಿಸಿದೆ. ರೇಷ್ಮೆ ಸೀರೆಗೆ ಕತ್ತರಿ ಹಾಕಿದಷ್ಟು ಸಂಕಟವಾಯಿತು. ಅದರ ಬದಲು, ಗುದ್ದಿದರೆ ಒಂದರೊಳಗೊಂದು ಜಾರುವ ಕೊಳವೆಗಳ ಕಾಲಮ್ ತರಿಸಿ ಎರಡು ಕೀಲುಗಳಿಂದ ಜೋಡಿಸಿದೆ. ಮೈದಾನದಲ್ಲಿ ಓಡಿಸಿ ನೋಡಿದರೆ ಸ್ಟೀರಿಂಗ್ ಒಮ್ಮೆ ಹಗುರ, ಒಮ್ಮೆ ಭಾರ. ಪಕ್ಕದಲ್ಲಿದ್ದ ಯಜಮಾನರು ಬಾಗಿಲು ಗಟ್ಟಿಯಾಗಿ ಹಿಡಿದು, "ಎಂತ ಇದು, ಎಮ್ಮೆ ಜಗ್ಗಿದ ಹಾಗೆ ಜಗ್ತದಲ್ಲ!" ಎಂದರು. ಎರಡು ಕೀಲುಗಳ ತುದಿಯ ಕವಲುಗಳು ಒಂದೇ ನೇರಕ್ಕೆ ಹೊಂದಿ ಕೂತಿರಲಿಲ್ಲ. ರವಿಕೆಗೆ ತೋಳು ತಿರುಚಿ ಹೊಲಿದಂತಾಗಿತ್ತು. ಬಿಚ್ಚಿದೆ, ತಿರುಗಿಸಿದೆ, ಕೂರಿಸಿದೆ. ತೃಪ್ತಿಯಾಗದೆ ಮತ್ತೆ ಬಿಚ್ಚಿದೆ. ಅಂಗಡಿಯಲ್ಲಿ ಗಿರಾಕಿಗಳ ನಿಜವಾದ ರವಿಕೆಗಳು ಕಾಯುತ್ತಲೇ ಇದ್ದವು.

ಮತ್ತೆ ಲಾರಿ, ಮತ್ತೆ ಅದೇ ಅಧಿಕಾರಿ. ಕಾಲಮ್ ನೋಡಿ, ಸ್ಟೀರಿಂಗ್ ಅಲುಗಾಡಿಸಿ, ಕೊನೆಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಓಡಿಸಿದರು. ತಿರುವಿನಲ್ಲಿ ಕೈ ಸಡಿಲಿಸಿದಾಗ ಸ್ಟೀರಿಂಗ್ ಮೆಲ್ಲಗೆ ತಾನೇ ನೇರಕ್ಕೆ ಬಂತು.

"ಯಾರು ಮಾಡಿದ್ದು?" ಎಂದರು.

"ನಾನೇ."

"ಶೆಡ್ಡಲ್ಲೇ?"

"ಶೆಡ್ಡಲ್ಲೇ."

ಅವರು ನಗುತ್ತ ಒಪ್ಪಿಗೆಯ ಸಹಿ ಹಾಕಿದರು.

ನಂಬರ್ ಪ್ಲೇಟ್ ಹಾಕಿದ ಭಾನುವಾರ ಯಜಮಾನರನ್ನು ಕೂರಿಸಿಕೊಂಡು ಶೃಂಗೇರಿಗೆ ಹೊರಟೆ. ಜಯಪುರದಾಚೆಯ ತಿರುವಿನಲ್ಲಿ ಬಸ್ಸೊಂದು ನುಗ್ಗಿ ಬಂತು. ಸ್ಟೀರಿಂಗ್ ಬೆರಳಿನಲ್ಲೇ ತಿರುಗಿತು, ಬಸ್ಸು ಪಕ್ಕದಲ್ಲೇ ಹಾದುಹೋಯಿತು. ಆ ಖುಷಿಗೆ ನಾನು ಕಾಲಮ್ ಹೇಗೆ ಕುಗ್ಗುತ್ತದೆ, ಕವಲುಗಳನ್ನು ಏಕೆ ಹೊಂದಿಸಬೇಕು ಎಂದು ವಿವರಿಸಲು ಶುರು ಮಾಡಿದವಳು ಶೃಂಗೇರಿ ಬರುವವರೆಗೂ ನಿಲ್ಲಿಸಲಿಲ್ಲ. "ಹೇಗೆ?" ಎಂದು ತಿರುಗಿ ನೋಡಿದರೆ ಯಜಮಾನರು ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದರು. ಸ್ಟೀರಿಂಗ್ ಅಷ್ಟು ನಯವಾಗಿದೆ ಎಂದುಕೊಂಡೆ. ಬೇರೆ ಕಾರಣ ಹುಡುಕಲು ಹೋಗಲಿಲ್ಲ.